ಊರಿಗೆ ಉಪಕಾರಿ, ಮನೆಗೆ ಮಾರಿ: ವ್ಯಕ್ತಿತ್ವದ ಟೈಪ್, ನಾರ್ಸಿಸಿಸಂ ಮತ್ತು ನಿಮ್ಮ ಸಂಬಂಧ

ಡೇಟಿಂಗ್ ಆ್ಯಪ್‌ಗಳ ಪ್ರೊಫೈಲ್‌ನಲ್ಲಿ ಈಗ ರಾಶಿಯ ಪಕ್ಕದಲ್ಲೇ ನಾಲ್ಕು ಅಕ್ಷರಗಳು ಕಾಣುತ್ತವೆ. ಐಎನ್‌ಎಫ್‌ಜೆ, ಇಎನ್‌ಟಿಜೆ, ಹೀಗೆ. ಎಂಬಿಟಿಐ ಎಂಬ ವ್ಯಕ್ತಿತ್ವ ಪರೀಕ್ಷೆ ಕೊಡುವ ಟೈಪ್‌ಗಳ ಹೆಸರು ಇವು. ಅದರ ಬೆನ್ನಿಗೇ ಯೂಟ್ಯೂಬ್ ವಿಡಿಯೊಗಳು ಬರುತ್ತವೆ. ಇಂಥ ಟೈಪ್‌ನವರು ನಾರ್ಸಿಸಿಸ್ಟ್‌ಗಳು, ಇಂಥ ಟೈಪ್‌ನವರು ಅವರ ಬಲೆಗೆ ಬೀಳುವವರು ಅಂತ. ನಾರ್ಸಿಸಿಸ್ಟ್ ಅಂದರೆ ತಾನೇ ದೊಡ್ಡವನು ಅಂದುಕೊಂಡು ಎದುರಿನವರ ನೋವನ್ನು ಲೆಕ್ಕಕ್ಕಿಡದ ಮನುಷ್ಯ, ಆ ಸ್ವಭಾವವೇ ನಾರ್ಸಿಸಿಸಂ. ಜಗಳವಾದ ರಾತ್ರಿ ನಿದ್ದೆ ಬರದೆ ಇದನ್ನೆಲ್ಲ ನೋಡುತ್ತಾ ಮಲಗಿದರೆ ಎಲ್ಲವೂ ನಮ್ಮ ಮನೆಯ ಕತೆಯೇ ಅನಿಸುತ್ತದೆ. ಅವರು ನಾರ್ಸಿಸಿಸ್ಟ್, ನಾನು ಪಾಪದವಳು. ಲೆಕ್ಕ ಮುಗಿಯಿತು.

ಬೆಳಗಾದರೆ ಲೆಕ್ಕ ಹಾಗೇ ಇರುತ್ತದೆ. ಹೆಸರು ಸಿಕ್ಕಿತೇ ಹೊರತು ಏನು ಮಾಡಬೇಕು ಅನ್ನುವುದು ಗೊತ್ತಾಗಿರುವುದಿಲ್ಲ.

ವ್ಯಕ್ತಿತ್ವಕ್ಕೂ ನಾರ್ಸಿಸಿಸಂಗೂ ನಂಟು ಇದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ನಂಟು ಟೈಪ್‌ನ ಹೆಸರಿನಲ್ಲಿ ಸಿಗುವುದಿಲ್ಲ. ತನಗೆ ಹೊಗಳಿಕೆ ಸಿಗದ ಹೊತ್ತಿನಲ್ಲಿ, ತನ್ನ ಮಾತು ನಡೆಯದ ಹೊತ್ತಿನಲ್ಲಿ ಆ ಮನುಷ್ಯ ನಿಮ್ಮ ಜೊತೆ ಹೇಗಿರುತ್ತಾನೆ ಅನ್ನುವುದರಲ್ಲಿ ಸಿಗುತ್ತದೆ. ಅದನ್ನು ಗಮನಿಸುವುದು ಹೇಗೆ, ಗಮನಿಸಿದ ಮೇಲೆ ಮುಂದೇನು, ಒಂದೊಂದಾಗಿ ನೋಡೋಣ.

ಉದಾಹರಣೆಗಳಲ್ಲಿ ಗಂಡ ಹೆಂಡತಿ ಅಂತ ಬರೆದಿದ್ದೇನೆ. ಅತ್ತೆ, ಅಪ್ಪ, ಹತ್ತಿರದ ಗೆಳತಿ ಯಾರು ಬೇಕಾದರೂ ಆ ಜಾಗದಲ್ಲಿ ಇರಬಹುದು. ಇದು ಗಂಡಸರ ಕಾಯಿಲೆ ಅಂತಲೂ ಅಂದುಕೊಳ್ಳಬೇಡಿ. 2015ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಗಂಡಸರಲ್ಲಿ ಸ್ವಲ್ಪ ಜಾಸ್ತಿ ಕಂಡಿತು, ಸ್ವಲ್ಪ ಮಾತ್ರ. ಒಳಗೊಳಗೇ ಮುದುಡಿ ನೋಯುವ ಬಗೆಯ ನಾರ್ಸಿಸಿಸಂನಲ್ಲಿ ಗಂಡು ಹೆಣ್ಣು ವ್ಯತ್ಯಾಸವೇ ಸಿಗಲಿಲ್ಲ.

ಹೆಜ್ಜೆ 1: ನಾಲ್ಕು ಅಕ್ಷರಗಳನ್ನು ಪಕ್ಕಕ್ಕಿಡಿ

ಎಂಬಿಟಿಐ ಪರೀಕ್ಷೆಯನ್ನು ಕಟ್ಟಿದವರು ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಬೆಲ್ ಬ್ರಿಗ್ಸ್ ಮೈಯರ್ಸ್. ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಬರೆದ ವ್ಯಕ್ತಿತ್ವದ ಬಗೆಗಳ ವಿಚಾರ ಅದಕ್ಕೆ ಮೂಲ. ನಾಲ್ಕು ಜೋಡಿ ಗುಣ, ಒಟ್ಟು 16 ಟೈಪ್. ಕಚೇರಿಯ ತರಬೇತಿಗಳಲ್ಲಿ ಮಾತು ಶುರುಮಾಡೋಕೆ ಚೆನ್ನಾಗಿದೆ. ಸಂಸಾರದ ತೀರ್ಮಾನ ಮಾಡೋಕೆ ಸಾಲದು.

ಒಂದು ತೊಂದರೆ, ಅದು ಜನರನ್ನು ಮಧ್ಯದಲ್ಲಿ ಕತ್ತರಿಸುತ್ತದೆ. ಐದೂವರೆ ಅಡಿಗಿಂತ ಒಂದು ಕೂದಲೆಳೆ ಮೇಲಿದ್ದರೆ ಉದ್ದ, ಕೆಳಗಿದ್ದರೆ ಕುಳ್ಳ ಅಂತ ಎರಡೇ ಗುಂಪು ಮಾಡಿದ ಹಾಗೆ. ಹೆಚ್ಚಿನವರು ಇರುವುದು ನಡುವೆಯೇ. ಅದಕ್ಕೇ ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷೆ ತೆಗೆದುಕೊಂಡರೆ ಬಹಳ ಜನರಿಗೆ ಒಂದಾದರೂ ಅಕ್ಷರ ಬದಲಾಗುತ್ತದೆ.

ಎರಡನೆಯ ತೊಂದರೆ ನಮಗೆ ಇನ್ನೂ ಮುಖ್ಯ. ಸಂಬಂಧ ಕೆಡಿಸುವ ಗುಣಗಳಲ್ಲಿ ಒಂದನ್ನು ಈ ಪರೀಕ್ಷೆ ಅಳೆಯುವುದೇ ಇಲ್ಲ. ಬೇಗ ಕಲಕುವ, ನೋಯುವ, ಕೆರಳುವ ಸ್ವಭಾವ ಅದು. 1989ರಲ್ಲಿ ಮೆಕ್ರೇ ಮತ್ತು ಕಾಸ್ಟಾ ಎಂಬ ಸಂಶೋಧಕರು ಎಂಬಿಟಿಐಯನ್ನು ಐದು ಗುಣಗಳ ಅಳತೆಯ (ಮುಂದಿನ ಹೆಜ್ಜೆಯಲ್ಲಿ ಹೇಳುತ್ತೇನೆ) ಪಕ್ಕದಲ್ಲಿಟ್ಟು ನೋಡಿದಾಗ ನಾಲ್ಕು ಗುಣಗಳಿಗೆ ಅಲ್ಲಿ ಪಡಿನೆರಳು ಸಿಕ್ಕಿತು, ಇದೊಂದಕ್ಕೆ ಸಿಗಲಿಲ್ಲ. ಅಂದರೆ ಹೆಸರಿನಲ್ಲಿ "ಭಾವಜೀವಿ" ಅಂತಿರುವ ಎಫ್ ಅಕ್ಷರದವರು ದಿನಾ ಕಣ್ಣೀರು, ಮೌನ, ಕೊಂಕಿನಲ್ಲಿ ಮನೆಯನ್ನು ಆಳಬಹುದು. "ಲೆಕ್ಕಾಚಾರದ ಮನುಷ್ಯ" ಅಂತಿರುವ ಟಿ ಅಕ್ಷರದವರು ಮಾತು ಒರಟಾದರೂ ತಪ್ಪಾದಾಗ "ಹೌದು ಕಣೇ, ನಂದೇ ತಪ್ಪು" ಅಂತ ಒಪ್ಪಿಕೊಳ್ಳುವವರಾಗಿರಬಹುದು. ಯಾರ ಜೊತೆ ಬಾಳುವುದು ಸುಲಭ ಅಂತ ನೀವೇ ಹೇಳಿ.

ಹೆಜ್ಜೆ 2: ಐದು ಗುಣಗಳಲ್ಲಿ ಮೂರನ್ನು ನೋಡಿ

ಮನೋವಿಜ್ಞಾನದವರು ಈಗ ಜಾಸ್ತಿ ನಂಬುವುದು ಐದು ಗುಣಗಳ ಅಳತೆಯನ್ನು. ಜನರೊಂದಿಗೆ ಬೆರೆಯುವ ಗುಣ, ಹೊಂದಿಕೊಂಡು ಹೋಗುವ ಗುಣ, ಶಿಸ್ತು, ಹೊಸದಕ್ಕೆ ತೆರೆದ ಮನಸ್ಸು, ಬೇಗ ಕಲಕುವ ಮನಸ್ಸು. ಇಲ್ಲಿ ಗುಂಪುಗಳಿಲ್ಲ, ಪ್ರತಿಯೊಬ್ಬರಲ್ಲೂ ಐದೂ ಇರುತ್ತವೆ, ಹೆಚ್ಚು ಕಡಿಮೆ ಅಷ್ಟೆ.

ನಾರ್ಸಿಸಿಸಂ ವಿಷಯಕ್ಕೆ ಬಂದರೆ ಶಿಸ್ತು ಮತ್ತು ತೆರೆದ ಮನಸ್ಸನ್ನು ಬಿಟ್ಟುಬಿಡಿ. ಉಳಿದ ಮೂರು ಸಾಕು. ಅದರಲ್ಲೂ ನಡುಗಂಬ ಒಂದೇ: ಹೊಂದಿಕೊಂಡು ಹೋಗುವ ಗುಣ ತೀರಾ ಕಡಿಮೆ ಇರುವುದು. ಎದುರಿನವರ ನೋವು ಲೆಕ್ಕಕ್ಕೆ ಬಾರದಿರುವುದು, ನಿಯಮ ಬೇರೆಯವರಿಗೆ ಮಾತ್ರ, ತನಗೆ ವಿನಾಯಿತಿ ಅನ್ನುವ ಧೋರಣೆ, ಸೋತರೆ ಸಹಿಸದಿರುವುದು. ಇದರ ಜೊತೆ ಬೆರೆಯುವ ಗುಣ ಜಾಸ್ತಿಯಿದ್ದರೆ ಒಂದು ಬಗೆಯ ನಾರ್ಸಿಸಿಸಂ, ಬೇಗ ಕಲಕುವ ಮನಸ್ಸು ಸೇರಿದರೆ ಇನ್ನೊಂದು ಬಗೆ.

ಹಾಗಾಗಿ ಬಾಯಿಬಡುಕರೆಲ್ಲ ನಾರ್ಸಿಸಿಸ್ಟ್ ಅಲ್ಲ. ಮದುವೆಮನೆಯಲ್ಲಿ ಮೈಕ್ ಬಿಡದ ಚಿಕ್ಕಪ್ಪ, ದಿನಕ್ಕೆ ನಾಲ್ಕು ಸೆಲ್ಫಿ ಹಾಕುವ ನಾದಿನಿ, ಸಂಬಳದ ಬಗ್ಗೆ ಕೊಚ್ಚಿಕೊಳ್ಳುವ ಸಹೋದ್ಯೋಗಿ ಬರೀ ಜಂಭದವರಿರಬಹುದು. ನಿಮಗೆ ಜ್ವರ ಬಂದ ದಿನ ಅವರು ಏನು ಮಾಡುತ್ತಾರೆ ಅನ್ನುವುದು ಬೇರೆ ಪ್ರಶ್ನೆ.

ಹೆಜ್ಜೆ 3: ಎರಡು ಮುಖಗಳಲ್ಲಿ ನಿಮ್ಮೆದುರು ಇರುವುದು ಯಾವುದು?

ಇಲ್ಲಿ ಸ್ವಲ್ಪ ನಿಧಾನಿಸೋಣ. ಜನ ಎಡವುವುದು ಇಲ್ಲೇ.

ನಾರ್ಸಿಸಿಸಂಗೆ ಎರಡು ಮುಖ ಇದೆ ಅಂತ 1991ರಲ್ಲಿ ಪಾಲ್ ವಿಂಕ್ ಎಂಬ ಸಂಶೋಧಕ ತೋರಿಸಿಕೊಟ್ಟರು. ಒಂದು ದೊಡ್ಡಸ್ತಿಕೆಯ ಮುಖ. ಎದೆಯುಬ್ಬಿಸಿ ನಡೆಯುವವರು, ಸಭೆಯಲ್ಲಿ ಮಿಂಚುವವರು, ನಾಲ್ಕು ಜನರ ಮುಂದೆ ಧಾರಾಳಿಗಳು. ನಮ್ಮ ಹಿರಿಯರು "ಮನೆಗೆ ಮಾರಿ, ಊರಿಗೆ ಉಪಕಾರಿ" ಅಂತ ಕರೆದದ್ದು ಬಹುಮಟ್ಟಿಗೆ ಇವರನ್ನೇ. ಗಣೇಶೋತ್ಸವದ ಚಂದಾಕ್ಕೆ ಮೊದಲ ಹೆಸರು ಇವರದು, ಮನೆಯಲ್ಲಿ ಹೆಂಡತಿ ಮಗುವಿನ ಫೀಸಿಗೆ ಮೂರು ಸಲ ಕೇಳಬೇಕು. ಊರಿನವರಿಗೆ ಇವರ ಮೇಲೆ ದೂರು ಹೇಳಿದರೆ "ಅಂಥ ಚಿನ್ನದಂಥ ಮನುಷ್ಯನ ಮೇಲಾ?" ಅಂತ ನಿಮ್ಮನ್ನೇ ನೋಡುತ್ತಾರೆ.

ಇನ್ನೊಂದು ಗಾಯದ ಮುಖ. ಇವರು ಮೆತ್ತಗಿರುತ್ತಾರೆ, ನಾಚಿಕೆಯವರಂತೆ ಕಾಣುತ್ತಾರೆ. ಒಳಗೆ ಮಾತ್ರ "ನನ್ನ ಬೆಲೆ ಯಾರಿಗೂ ಗೊತ್ತಿಲ್ಲ" ಅನ್ನುವ ಕುದಿ. ಹೆಂಡತಿ ತನ್ನ ಬಡ್ತಿಯ ಸುದ್ದಿ ಹೇಳಿದಳು ಅನ್ನಿ. ದೊಡ್ಡಸ್ತಿಕೆಯವನು "ನಾನು ಹೇಳಿಕೊಟ್ಟ ಹಾಗೆ ಮಾಡಿದೆ, ಅದಕ್ಕೇ ಸಿಕ್ತು" ಅನ್ನುತ್ತಾನೆ. ಗಾಯದವನು ಏನೂ ಹೇಳುವುದಿಲ್ಲ. ತಟ್ಟೆ ಸರಿಸಿ ಎದ್ದು ಹೋಗುತ್ತಾನೆ. ಮೂರು ದಿನ ಮಾತು ಬಿಡುತ್ತಾನೆ. ನಾಲ್ಕನೇ ದಿನ "ನಿನಗೀಗ ನಾನ್ಯಾಕೆ ಬೇಕು ಬಿಡು" ಅನ್ನುತ್ತಾನೆ. ಅವಳ ಸಂತೋಷ ಅಷ್ಟರಲ್ಲಿ ಅವನ ಸಮಾಧಾನ ಮಾಡುವ ಕೆಲಸವಾಗಿ ಬದಲಾಗಿರುತ್ತದೆ.

ಎರಡೂ ಕಡೆ ಫಲ ಒಂದೇ, ಅಲ್ವಾ? ಸುದ್ದಿ ಅವಳದು, ಕೊನೆಗೆ ನಡೆದದ್ದು ಅವನ ವಿಷಯ. ಈ ಎಳೆ ಹಿಡಿದುಕೊಂಡರೆ ಹೊರಗಿನ ವೇಷ ಯಾವುದಾದರೂ ಗುರುತು ಸಿಗುತ್ತದೆ. ಒಬ್ಬರಲ್ಲೇ ಎರಡೂ ಮುಖ ಸರದಿಯಲ್ಲಿ ಕಾಣಿಸುವುದೂ ಇದೆ. ಕೆಲಸ ಚೆನ್ನಾಗಿ ನಡೆಯುವಾಗ ಮೊದಲನೆಯದು, ಸೋಲು ಬಂದಾಗ ಎರಡನೆಯದು.

ಮಿಟ್ಯಾ ಬಾಕ್ ಎಂಬ ಜರ್ಮನ್ ಮನೋವಿಜ್ಞಾನಿ ಮತ್ತು ಅವರ ತಂಡ 2013ರಲ್ಲಿ ಇನ್ನೊಂದು ವಿಂಗಡಣೆ ಕೊಟ್ಟರು. ಮನೆಯೊಳಗೆ ಗಮನಿಸೋಕೆ ನನಗೆ ಅದೇ ಹೆಚ್ಚು ಉಪಯೋಗ ಅನಿಸುತ್ತದೆ. ನಾರ್ಸಿಸಿಸ್ಟ್ ತನ್ನನ್ನು ದೊಡ್ಡವನಾಗಿ ಇಟ್ಟುಕೊಳ್ಳಲು ಎರಡು ದಾರಿ ಹಿಡಿಯುತ್ತಾನೆ. ಒಂದು, ಮೆಚ್ಚುಗೆ ಗಳಿಸುವುದು: ಆಕರ್ಷಕವಾಗಿ ಮಾತಾಡುವುದು, ನಗಿಸುವುದು, ಸಾಧನೆ ತೋರಿಸುವುದು. ಇನ್ನೊಂದು, ಎದುರಿನವರನ್ನು ಕೆಳಗಿಳಿಸುವುದು: ಹಂಗಿಸುವುದು, ಹೋಲಿಸುವುದು, ಅಣಕಿಸುವುದು, ಸೇಡು ಇಟ್ಟುಕೊಳ್ಳುವುದು. ಪರಿಚಯದ ದಿನಗಳಲ್ಲಿ ಮೊದಲನೆಯದೇ ಕಾಣುತ್ತದೆ, ಅದು ನಿಜಕ್ಕೂ ಇಷ್ಟವಾಗುತ್ತದೆ. ವರ್ಷಗಳು ಕಳೆದ ಮೇಲೆ ಸಂಬಂಧವನ್ನು ತಿನ್ನುವುದು ಎರಡನೆಯದು.

ನಿಮ್ಮವರಲ್ಲಿ ಮೊದಲನೆಯದು ಮಾತ್ರ ಇದ್ದರೆ ಹೊಗಳಿಕೆ ಜಾಸ್ತಿ ಬೇಕಾದ ಮನುಷ್ಯ, ಅಷ್ಟೆ. ತಲೆನೋವು ಇರಬಹುದು, ಅಪಾಯ ಕಡಿಮೆ. ಎರಡನೆಯದು ದಿನನಿತ್ಯದ ಊಟದಷ್ಟೇ ಮಾಮೂಲಿ ಆಗಿದ್ದರೆ ಮುಂದಿನ ಹೆಜ್ಜೆಗಳನ್ನು ಗಮನವಿಟ್ಟು ಓದಿ.

ಹೆಜ್ಜೆ 4: ಮದುವೆ ಇನ್ನೂ ಆಗಿಲ್ಲವಾದರೆ, ಸಮಯ ತೆಗೆದುಕೊಳ್ಳಿ

1998ರಲ್ಲಿ ಡೆಲ್ರಾಯ್ ಪಾಲ್ಹಸ್ ಎಂಬ ಮನೋವಿಜ್ಞಾನಿ ಪ್ರಕಟಿಸಿದ ಒಂದು ಅಧ್ಯಯನ ನಮ್ಮ ಮದುವೆ ಮಾತುಕತೆಗೆ ಹೇಳಿ ಮಾಡಿಸಿದ ಹಾಗಿದೆ. ಪರಸ್ಪರ ಗುರುತಿಲ್ಲದ ವಿದ್ಯಾರ್ಥಿಗಳ ಸಣ್ಣ ಗುಂಪುಗಳು ವಾರಕ್ಕೊಮ್ಮೆಯಂತೆ 7 ಸಲ ಸೇರಿದವು. ತಮ್ಮನ್ನು ತಾವು ಮೇಲೆತ್ತಿಕೊಳ್ಳುವವರ ಬಗ್ಗೆ ಮೊದಲ ಭೇಟಿಯಲ್ಲಿ ಉಳಿದವರಿಗೆ ಒಳ್ಳೆಯ ಅಭಿಪ್ರಾಯ. ಆತ್ಮವಿಶ್ವಾಸ, ಚುರುಕು, ಲವಲವಿಕೆ ಅಂತೆಲ್ಲ. ಏಳನೆಯ ಭೇಟಿ ಹೊತ್ತಿಗೆ ಅದೇ ಜನ ಅವರನ್ನು ಜಂಭದವರು, ಮೈಮೇಲೆ ಬೀಳುವವರು ಅಂತ ಗುರುತಿಸುತ್ತಿದ್ದರು.

ನಮ್ಮಲ್ಲಿ ಹೆಣ್ಣು ನೋಡುವ ಶಾಸ್ತ್ರ ಒಂದು ಸಂಜೆ. ಆಮೇಲೆ ಹುಡುಗ ಹುಡುಗಿ ಕಾಫಿಗೆ ಎರಡು ಸಲ. ಆಮೇಲೆ ಛತ್ರ ಬುಕ್ಕಿಂಗ್. ಅಂದರೆ ನಾರ್ಸಿಸಿಸ್ಟ್ ಅತಿ ಚೆಂದ ಕಾಣುವ ಅವಧಿಯಲ್ಲೇ ನಾವು ತೀರ್ಮಾನ ಮಾಡಿ ಮುಗಿಸುತ್ತೇವೆ. ಪ್ರೇಮವಿವಾಹದವರು ಬೀಗಬೇಕಾಗಿಲ್ಲ. ದಿನಕ್ಕೆ 50 ಮೆಸೇಜು, ಎರಡನೇ ವಾರಕ್ಕೇ "ನೀನಿಲ್ಲದೆ ನಾನಿಲ್ಲ", ಮೂರನೇ ವಾರಕ್ಕೆ ಉಂಗುರ, ಇದೂ ಅದೇ ಅವಸರ.

ಸಾಧ್ಯವಾದಷ್ಟು ಸಲ, ಬೇರೆ ಬೇರೆ ಸನ್ನಿವೇಶದಲ್ಲಿ ಭೇಟಿಯಾಗಿ. ಹೋಟೆಲಿನ ಎಸಿ ಕೋಣೆ ಮಾತ್ರ ಸಾಲದು. ಸಿಗ್ನಲ್‌ನಲ್ಲಿ ಒಟ್ಟಿಗೆ ಸಿಕ್ಕಿಹಾಕಿಕೊಳ್ಳಿ, ಬಸ್ಸಿಗೆ ಕಾಯಿರಿ, ಅವರ ಹಳೆಯ ಸ್ನೇಹಿತರ ಜೊತೆ ಕೂತು ಊಟ ಮಾಡಿ. ಮಾಣಿ ತಪ್ಪು ಆರ್ಡರ್ ತಂದಾಗ ಮುಖ ನೋಡಿ.

ಎಲ್ಲಕ್ಕಿಂತ ಮುಖ್ಯ, ಒಂದು ಸಣ್ಣ ವಿಷಯಕ್ಕೆ "ಬೇಡ" ಅನ್ನಿ. ನಾಟಕ ಮಾಡಬೇಕಾಗಿಲ್ಲ, ನಿಮಗೆ ನಿಜವಾಗಿ ಬೇಡದ್ದಕ್ಕೆ ಅಂದರೆ ಸಾಕು. "ಈ ಭಾನುವಾರ ಬೇಡ, ಅಮ್ಮನ ಜೊತೆ ಇರಬೇಕು." ಸ್ವಲ್ಪ ಬೇಜಾರು ಮಾಡಿಕೊಂಡು "ಸರಿ, ಮುಂದಿನ ವಾರ" ಅಂದರೆ ಅದು ಆರೋಗ್ಯ. "ಅಂದ್ರೆ ನನಗಿಂತ ಅಮ್ಮನೇ ಮುಖ್ಯ" ಅಂತ ಶುರುವಾಗಿ, ಭಾನುವಾರವಿಡೀ 12 ಫೋನ್ ಬಂದು, ಕೊನೆಗೆ ನೀವೇ ಕ್ಷಮೆ ಕೇಳಬೇಕಾಗಿ ಬಂದರೆ ಛತ್ರದ ಅಡ್ವಾನ್ಸ್ ಕೊಡುವ ಮೊದಲು ಯೋಚಿಸಿ. ಮದುವೆಯಾದ ಮೇಲೆ ಬದಲಾಗುತ್ತಾರೆ ಅಂತ ಹೇಳುವ ದೊಡ್ಡವರು ಆ ಮನೆಯಲ್ಲಿ ಇರುವುದಿಲ್ಲ, ನೀವು ಇರುತ್ತೀರಿ.

ಹೆಜ್ಜೆ 5: ನಿಮ್ಮ ಸ್ವಭಾವದ ಕೊಂಡಿ ಎಲ್ಲಿದೆ, ಹುಡುಕಿ

ಇದು ತಪ್ಪು ಹೊರಿಸುವ ಮಾತಲ್ಲ. ಯಾರೋ ಹಂಗಿಸುವುದಕ್ಕೆ ಹಂಗಿಸಿಕೊಂಡವರು ಕಾರಣರಲ್ಲ. ಆದರೆ ನೀವು ಯಾವ ಗಳಿಗೆಯಲ್ಲಿ ಸೋಲುತ್ತೀರಿ ಅನ್ನುವುದು ನಿಮ್ಮ ವ್ಯಕ್ತಿತ್ವಕ್ಕೆ ತಕ್ಕ ಹಾಗೆ ಬೇರೆ ಬೇರೆ. ನಾಲ್ಕು ಅಕ್ಷರದ ವಿಡಿಯೊಗಳು "ಸೂಕ್ಷ್ಮ ಮನಸ್ಸಿನವರೇ ಬಲಿ" ಅಂತ ಹೊಗಳಿ ಕಳಿಸುತ್ತವೆ. ಅದರಿಂದ ಮನಸ್ಸಿಗೆ ಹಿತ, ಉಪಯೋಗ ಇಲ್ಲ.

ಹೊಂದಿಕೊಂಡು ಹೋಗುವ ಗುಣ ತುಂಬಾ ಜಾಸ್ತಿ ಇರುವವರು ಜಗಳ ತಪ್ಪಿಸೋಕೆ ಸತ್ಯವನ್ನೇ ಬಿಟ್ಟುಕೊಡುತ್ತಾರೆ. "ಹೋಗ್ಲಿ ಬಿಡು" ಅವರ ಬಾಯಿಪಾಠ. ಶಿಸ್ತಿನವರ ಕತೆ ಬೇರೆ. ತೆಗೆದುಕೊಂಡ ಕೆಲಸ ಬಿಡಬಾರದು ಅಂತ ಸಂಬಂಧವನ್ನೂ ಕೆಲಸದಂತೆ ನೋಡುತ್ತಾರೆ, ನಾನು ಇನ್ನೂ ಚೆನ್ನಾಗಿ ಮಾಡಿದರೆ ಸರಿಹೋಗುತ್ತದೆ ಅಂದುಕೊಂಡು ಹತ್ತು ವರ್ಷ ತಳ್ಳುತ್ತಾರೆ. ಬೇಗ ಕಲಕುವ ಮನಸ್ಸಿನವರಿಗೆ ಬಿಟ್ಟುಹೋದಾರು ಅನ್ನುವ ಭಯ. ಸಿಂಡಿ ಹೇಝನ್ ಮತ್ತು ಫಿಲಿಪ್ ಶೇವರ್ ಎಂಬ ಸಂಶೋಧಕರು 1987ರಲ್ಲಿ ಮಗು ತಾಯಿಗೆ ಅಂಟಿಕೊಳ್ಳುವ ರೀತಿಗಳ ವಿಚಾರವನ್ನು ದೊಡ್ಡವರ ಪ್ರೀತಿಗೂ ಹೊಂದಿಸಿ ತೋರಿಸಿದರು. ಆತಂಕದಿಂದ ಅಂಟಿಕೊಳ್ಳುವವರಿಗೆ ಎದುರಿನವರ ಮೂರು ದಿನದ ಮೌನ ಸಹಿಸೋಕೆ ಆಗುವುದಿಲ್ಲ. ಮೌನ ಮುಗಿದು ಒಂದು ನಗು ಸಿಕ್ಕಿತು ಅಂದರೆ ಜಗಳದ ಕಾರಣವೇ ಮರೆತುಹೋಗುತ್ತದೆ. ತಪ್ಪು ಯಾರದ್ದಿತ್ತು ಅನ್ನುವುದು ಆಗ ಯಾರಿಗೂ ಬೇಡ.

ಇನ್ನೊಂದು ಗುಂಪು ಇದೆ, ಅದರ ಬಗ್ಗೆ ಯಾರೂ ವಿಡಿಯೊ ಮಾಡುವುದಿಲ್ಲ. ತಾವೂ ಸ್ವಲ್ಪ ಹಾಗೇ ಇರುವವರು. ಮಿಂಚುವವನ ಪಕ್ಕದಲ್ಲಿ ನಿಂತರೆ ತಾವೂ ಮಿಂಚುತ್ತೇವೆ ಅಂತ ಮದುವೆಯಾದವರು. ಅಮೆರಿಕದಲ್ಲಿ ಹೊಸದಾಗಿ ಮದುವೆಯಾದ 146 ಜೋಡಿಗಳನ್ನು ಮೊದಲ 4 ವರ್ಷ ಹಿಂಬಾಲಿಸಿದ ಅಧ್ಯಯನವೊಂದು 2016ರಲ್ಲಿ ಬಂತು. ಅದರಲ್ಲಿ ಹೆಂಡತಿಯ ನಾರ್ಸಿಸಿಸಂ ಜಾಸ್ತಿಯಿದ್ದ ಮನೆಗಳಲ್ಲಿ ದಾಂಪತ್ಯದ ಸಂತೋಷ ಬೇಗ ಇಳಿಯಿತು, ಗಂಡನ ನಾರ್ಸಿಸಿಸಂನಿಂದ ಅಂಥ ಪರಿಣಾಮ ಹೆಚ್ಚು ಕಾಣಲಿಲ್ಲ. ಒಂದು ಅಧ್ಯಯನದಿಂದ ಹೆಂಗಸರ ಮೇಲೆ ತೀರ್ಪು ಕೊಡಬೇಡಿ. ಕನ್ನಡಿಯಲ್ಲಿ ಒಂದು ಸಲ ನೋಡಿಕೊಳ್ಳಿ, ಅಷ್ಟೆ.

ನೋಡಿಕೊಳ್ಳೋಕೆ ಸುಲಭ ದಾರಿಯೂ ಇದೆ. 2014ರಲ್ಲಿ ಪ್ರಕಟವಾದ ಒಂದು ಅಳತೆಯಲ್ಲಿ ಇರುವುದು ಒಂದೇ ಪ್ರಶ್ನೆ: ನೀವು ನಾರ್ಸಿಸಿಸ್ಟ್ ಅನ್ನುವ ಮಾತನ್ನು ಎಷ್ಟರಮಟ್ಟಿಗೆ ಒಪ್ಪುತ್ತೀರಿ? ತಮಾಷೆ ಅನಿಸಿದರೂ ಈ ಒಂದು ಪ್ರಶ್ನೆ ಉದ್ದದ ಪರೀಕ್ಷೆಗಳ ಜೊತೆ ತಕ್ಕಮಟ್ಟಿಗೆ ಹೊಂದಿಕೆಯಾಯಿತು. ದೊಡ್ಡಸ್ತಿಕೆಯವರಿಗೆ ಒಪ್ಪಿಕೊಳ್ಳೋಕೆ ಅಂಥ ನಾಚಿಕೆ ಇಲ್ಲ.

ಹೆಜ್ಜೆ 6: ಬರೆದಿಡಿ, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ

"ನಾನು ಹಾಗೆ ಹೇಳೇ ಇಲ್ಲ", "ನಿನಗೆ ಭ್ರಮೆ", "ಎಲ್ಲದಕ್ಕೂ ಅತಿ ಮಾಡ್ತೀಯ". ಇದನ್ನು ನೂರು ಸಲ ಕೇಳಿದ ಮೇಲೆ ನಿಮ್ಮ ನೆನಪಿನ ಮೇಲೆ ನಿಮಗೇ ನಂಬಿಕೆ ಹೋಗುತ್ತದೆ. ಒಂದು ಪುಸ್ತಕ, ಇಲ್ಲವೇ ಅವರ ಕೈಗೆ ಸಿಗದ ಒಂದು ಇಮೇಲ್ ಖಾತೆ ಇಟ್ಟುಕೊಳ್ಳಿ. ದಿನಾಂಕ, ಏನು ನಡೆಯಿತು, ಅವರು ಹೇಳಿದ ಮಾತು ಹಾಗೇ, ನೀವು ಏನು ಮಾಡಿದಿರಿ, ಹೇಗೆ ಮುಗಿಯಿತು. ನಾರ್ಸಿಸಿಸ್ಟ್ ಅನ್ನುವ ಪದ ಅಲ್ಲಿ ಬರೆಯಬೇಡಿ. ನಡೆದದ್ದು ಮಾತ್ರ.

ಒಳ್ಳೆಯ ದಿನಗಳನ್ನೂ ಬರೆಯಿರಿ. ಸಿಟ್ಟಿನಲ್ಲಿದ್ದಾಗ ಒಳ್ಳೆಯದು ನೆನಪಾಗುವುದಿಲ್ಲ, ಪ್ರೀತಿಯಲ್ಲಿದ್ದಾಗ ಕೆಟ್ಟದ್ದು ನೆನಪಾಗುವುದಿಲ್ಲ. ಎರಡು ತಿಂಗಳ ಬರಹ ಒಟ್ಟಿಗೆ ಓದಿದರೆ ಒಂದು ಕೆಟ್ಟ ವಾರವೋ, ಮರುಕಳಿಸುವ ಚಾಳಿಯೋ ಗೊತ್ತಾಗುತ್ತದೆ. ಓದುವಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ತಪ್ಪಾಯಿತು ಅಂತ ಅವರು ಒಂದು ಸಲವಾದರೂ ಅಂದು, ಆ ತಪ್ಪನ್ನು ಮತ್ತೆ ಮಾಡದೆ ಇದ್ದದ್ದು ಇದೆಯಾ? ಬರೀ ಹೂವು, ಸೀರೆ, ಐಫೋನ್ ಲೆಕ್ಕಕ್ಕಿಲ್ಲ. ಕೆಲವರು ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಜಾತಿ. ಉಡುಗೊರೆ ಕೊಟ್ಟಾರು, ಒಪ್ಪಿಕೊಳ್ಳಲಾರರು.

ಹೆಜ್ಜೆ 7: ಬೇರೆ ಕಾರಣ ಇಲ್ಲ ತಾನೆ?

ನಾರ್ಸಿಸಿಸಂ ಅನ್ನುವುದು ಎಲ್ಲರಲ್ಲೂ ಇಷ್ಟಿಷ್ಟು ಇರುವ ಗುಣ. ಅದು ಕಾಯಿಲೆಯ ಮಟ್ಟಕ್ಕೆ ಹೋದರೆ ನಾರ್ಸಿಸಿಸ್ಟಿಕ್ ವ್ಯಕ್ತಿತ್ವ ದೋಷ ಅನ್ನುತ್ತಾರೆ. ಅಮೆರಿಕದ ಮನೋವೈದ್ಯರ ಕೈಪಿಡಿಗೆ ಅದು ಸೇರಿದ್ದು 1980ರಲ್ಲಿ. ಈಗಲೂ ಅಲ್ಲಿರುವ 9 ಲಕ್ಷಣಗಳಲ್ಲಿ 5 ಇರಬೇಕು, ಅದೂ ಯೌವನದ ಆರಂಭದ ಹೊತ್ತಿಗೇ ಶುರುವಾಗಿ ಬೇರೆ ಬೇರೆ ಸನ್ನಿವೇಶಗಳಲ್ಲಿ ಕಾಣಬೇಕು. ಅದನ್ನು ಹೇಳಬೇಕಾದವರು ಮನೋವೈದ್ಯರು, ಆ ವ್ಯಕ್ತಿಯನ್ನೇ ಎದುರು ಕೂರಿಸಿಕೊಂಡು ಮಾತಾಡಿದ ಮೇಲೆ.

ಇದ್ದಕ್ಕಿದ್ದಂತೆ ಎರಡು ವಾರದಿಂದ ನಿದ್ದೆಯಿಲ್ಲದೆ, ನಾನೇ ರಾಜ ಅಂತ ಸಾಲ ಮಾಡಿ ಖರ್ಚು ಮಾಡುತ್ತಿದ್ದರೆ ಅದು ಉನ್ಮಾದ ಇರಬಹುದು. ಅದಕ್ಕೆ ಔಷಧಿ ಇದೆ, ತಡಮಾಡದೆ ಆಸ್ಪತ್ರೆಗೆ ಹೋಗಿ. ಕುಡಿದಾಗ ಮಾತ್ರ ಹಾಗಾದರೆ ಮೊದಲು ನೋಡಬೇಕಾದದ್ದು ಕುಡಿತವನ್ನು. ಎದುರಿನವರ ಮುಖಭಾವ ಓದೋಕೆ ಬಾರದ, ಮಾತಿನ ಒಳಾರ್ಥ ತಿಳಿಯದ, ಆದರೆ ಬಿಡಿಸಿ ಹೇಳಿದರೆ ನೊಂದುಕೊಂಡು ತಿದ್ದಿಕೊಳ್ಳುವ ಮನುಷ್ಯನಿಗೆ ಆಟಿಸಂ ಇರಬಹುದು. ನಾರ್ಸಿಸಿಸ್ಟ್ ಅಂತ ಅವನನ್ನು ಕರೆಯುವುದು ಅನ್ಯಾಯ.

ಇನ್ನೊಂದು ಕಾರಣ ನಮ್ಮ ಮನೆಗಳದ್ದು. ಒಬ್ಬನೇ ಮಗ, ತಟ್ಟೆ ಎತ್ತಿದವನಲ್ಲ, ಅಕ್ಕ ತಂಗಿಯರು ಅವನು ಉಂಡ ಮೇಲೆ ಉಂಡವರು. ಅಂಥವನಿಗೆ ಹೆಂಡತಿ ಚಹಾ ತಡಮಾಡಿದರೆ ಅವಮಾನ ಅನಿಸುತ್ತದೆ. ಅದು ವ್ಯಕ್ತಿತ್ವವೋ, ಬೆಳೆಸಿದ ರೀತಿಯೋ? ನನ್ನ ಅಂದಾಜಿನಲ್ಲಿ ನಮ್ಮಲ್ಲಿ ನಾರ್ಸಿಸಿಸಂ ಅಂತ ಕಾಣುವುದರಲ್ಲಿ ಒಂದು ಪಾಲು ಇದೇ. ಪರೀಕ್ಷೆ ಸುಲಭ: ಬೇರೆ ಊರಿಗೆ ಬಂದು ಇಬ್ಬರೇ ಇದ್ದಾಗ, ತಿಳಿಸಿ ಹೇಳಿದಾಗ ಕಲಿಯುತ್ತಾನಾ? ರೂಢಿಯಾದರೆ ಕಲಿಯುತ್ತಾನೆ, ಗೊಣಗುತ್ತಾ ಆದರೂ ಅಕ್ಕಿ ತೊಳೆಯುತ್ತಾನೆ. ಸ್ವಭಾವವೇ ಆದರೆ ಕೇಳಿದ್ದನ್ನೇ ಅಪರಾಧ ಮಾಡುತ್ತಾನೆ.

ಗಂಡುಮಕ್ಕಳನ್ನು ಬೆಳೆಸುತ್ತಿರುವವರಿಗೆ ಒಂದು ಮಾತು. ನೆದರ್ಲೆಂಡ್ಸ್‌ನಲ್ಲಿ 7ರಿಂದ 11 ವಯಸ್ಸಿನ 565 ಮಕ್ಕಳು ಮತ್ತು ಅವರ ತಂದೆತಾಯಿಯರ ಮೇಲೆ ನಡೆದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ನನ್ನ ಮಗು ಉಳಿದ ಮಕ್ಕಳಿಗಿಂತ ಮೇಲು ಅಂತ ಬೆಳೆಸಿದಲ್ಲಿ ನಾರ್ಸಿಸಿಸಂ ಬೆಳೆಯಿತು. ಬರೀ ಪ್ರೀತಿ, ಅಕ್ಕರೆ ಕೊಟ್ಟಲ್ಲಿ ಆತ್ಮಗೌರವ ಬೆಳೆಯಿತು. ಮುದ್ದಿನಿಂದ ಮಕ್ಕಳು ಕೆಡುವುದಿಲ್ಲ.

ಹೆಜ್ಜೆ 8: ಮಾತಾಡುವ ರೀತಿ ಬದಲಿಸಿ

ಹೊಡೆತ, ಬೆದರಿಕೆ ಇದ್ದರೆ ಈ ಹೆಜ್ಜೆ ಬಿಟ್ಟು ನೇರವಾಗಿ ಕೊನೆಗೆ ಹೋಗಿ. ಇಲ್ಲದಿದ್ದರೆ ಮಾತ್ರ ಇದು.

"ನೀವು ನಾರ್ಸಿಸಿಸ್ಟ್" ಅಂತ ಮುಖಕ್ಕೆ ಹೇಳಬೇಡಿ. ದೊಡ್ಡಸ್ತಿಕೆಯವರು ನಕ್ಕು ತಳ್ಳಿಹಾಕುತ್ತಾರೆ, ಗಾಯದವರು ಆರು ತಿಂಗಳು ಅದನ್ನೇ ಹಿಡಿದು ಕಾಡುತ್ತಾರೆ. ಮರುದಿನದಿಂದ ಆ ಪದ ನಿಮ್ಮ ಮೇಲೇ ತಿರುಗಿ ಬರುತ್ತದೆ.

ಒಂದು ವಿಷಯ, ಒಂದು ವಾಕ್ಯ, ಒಂದು ಗೆರೆ. "ರೀ, ನಿಮ್ಮ ಅಣ್ಣನ ಮುಂದೆ ನನ್ನ ಅಡುಗೆ ಬಗ್ಗೆ ಅಣಕ ಮಾಡಿದ್ದು ಬೇಜಾರಾಯ್ತು. ಇನ್ನೊಂದು ಸಲ ಹಾಗಾದರೆ ನಾನು ಎದ್ದು ಒಳಗೆ ಹೋಗ್ತೀನಿ." ಗಮನಿಸಿ, ಇಲ್ಲಿ ಗೆರೆ ಅವರ ಮೇಲೆ ಹಾಕಿದ್ದಲ್ಲ. ಅವರು ಏನು ಮಾಡಬೇಕು ಅಂತ ಹೇಳಿಲ್ಲ, ನೀವು ಏನು ಮಾಡುತ್ತೀರಿ ಅಂತ ಹೇಳಿದ್ದೀರಿ. ಅದು ನಿಮ್ಮ ಕೈಯಲ್ಲಿರುವ ವಿಷಯ. ಹೇಳಿದ ಮೇಲೆ ಮಾಡಲೇಬೇಕು. ಮೂರು ಸಲ ಹೇಳಿ ಒಂದು ಸಲವೂ ಏಳದಿದ್ದರೆ ಹೇಳದೆ ಇರುವುದೇ ಮೇಲು.

ವಾದ ಬೇರೆ ಕಡೆಗೆ ಹೊರಳುತ್ತದೆ, ತಯಾರಿರಿ. "ಹೋದ ವರ್ಷ ನಿನ್ನ ತಮ್ಮ ಏನಂದ ಗೊತ್ತಾ?" ಅಲ್ಲಿಗೆ ಹೋಗಬೇಡಿ. "ಅದನ್ನೂ ಮಾತಾಡೋಣ, ಇವತ್ತು ಇದು" ಅನ್ನಿ. ನಿಮ್ಮ ಪರವಾಗಿ ದೊಡ್ಡ ವಕಾಲತ್ತು ಮಾಡಬೇಡಿ. ವಿವರಣೆ ಉದ್ದವಾದಷ್ಟೂ ಹಿಡಿದು ಎಳೆಯೋಕೆ ಎಳೆಗಳು ಜಾಸ್ತಿ ಸಿಗುತ್ತವೆ.

ಹೊಗಳಿಕೆಯನ್ನು ಲಂಚವಾಗಿ ಕೊಡಬೇಡಿ. ಆದರೆ ಅವರು ಮಗುವನ್ನು ಎತ್ತಿಕೊಂಡಾಗ, ನಿಮ್ಮ ಮಾತು ಕೇಳಿಸಿಕೊಂಡಾಗ, "ನೀವು ಹೀಗೆ ಮಾಡಿದ್ದು ತುಂಬಾ ಇಷ್ಟ ಆಯ್ತು" ಅಂತ ಹೇಳಿ. ಕಾಳಜಿ, ಹತ್ತಿರತನ ನೆನಪಾದಾಗ ನಾರ್ಸಿಸಿಸ್ಟ್‌ಗಳಲ್ಲೂ ಸಂಬಂಧದ ಬದ್ಧತೆ ಏರುತ್ತದೆ ಅಂತ 2009ರ ಸಂಶೋಧನೆಯೊಂದು ಕಂಡುಕೊಂಡಿದೆ. ಸಾಧನೆಗೆ ಚಪ್ಪಾಳೆ ಅವರಿಗೆ ಎಲ್ಲೆಡೆ ಸಿಗುತ್ತದೆ, ಇದು ಸಿಗುವುದು ಕಡಿಮೆ.

ಹೆಜ್ಜೆ 9: ಬದಲಾಗುತ್ತಾರಾ, ಲೆಕ್ಕ ಹಾಕಿ

ಬದಲಾಗುವುದೇ ಇಲ್ಲ ಅನ್ನುವುದು ಸುಳ್ಳು. ವಯಸ್ಸಾದಂತೆ ನಾರ್ಸಿಸಿಸಂ ಸರಾಸರಿಯಾಗಿ ಇಳಿಯುತ್ತದೆ ಅಂತ 2024ರಲ್ಲಿ ಬಂದ, ಬಾಲ್ಯದಿಂದ ಮುಪ್ಪಿನವರೆಗಿನ ಮಾಹಿತಿಯನ್ನು ಒಟ್ಟುಮಾಡಿದ ವಿಶ್ಲೇಷಣೆ ಹೇಳಿತು. ಆದರೆ ಅದೇ ವಿಶ್ಲೇಷಣೆಯ ಪ್ರಕಾರ, ತನ್ನ ಓರಗೆಯವರಿಗಿಂತ ಜಾಸ್ತಿ ಇದ್ದವನು ಆಮೇಲೂ ಓರಗೆಯವರಿಗಿಂತ ಜಾಸ್ತಿಯೇ ಉಳಿಯುವ ಸಾಧ್ಯತೆ ಹೆಚ್ಚು. ಅರವತ್ತಕ್ಕೆ ಮೆತ್ತಗಾಗಬಹುದು. ಅಲ್ಲಿಯವರೆಗೆ ಕಾಯುವುದು ನಿಮ್ಮ ಆಯುಷ್ಯ.

ಇಂಗ್ಲೆಂಡಿನಲ್ಲಿ ಎರಿಕಾ ಹೆಪ್ಪರ್ ಮತ್ತು ಸಂಗಡಿಗರ 2014ರ ಅಧ್ಯಯನ ಆಸಕ್ತಿಯದು. ಮನೆಯಲ್ಲಿ ಹಿಂಸೆ ಅನುಭವಿಸಿದ ಹೆಂಗಸೊಬ್ಬಳು ಮಾತಾಡುವ ವಿಡಿಯೊ ತೋರಿಸಿದರು. ಸುಮ್ನೆ ನೋಡಿದಾಗ ನಾರ್ಸಿಸಿಸಂ ಜಾಸ್ತಿಯಿದ್ದವರಿಗೆ ಕನಿಕರ ಕಡಿಮೆ. ಅವಳ ಜಾಗದಲ್ಲಿ ನಿಂತು ನೋಡಿ ಅಂತ ಹೇಳಿ ತೋರಿಸಿದಾಗ ಏರಿತು. ಸಾಮರ್ಥ್ಯ ಇದೆ, ಮನಸ್ಸಿಲ್ಲ ಅನ್ನೋಣ. ಇದನ್ನು ಕೇಳಿ ಮರುಗಬೇಕೋ, ಸಿಟ್ಟು ಬರಬೇಕೋ ಗೊತ್ತಾಗುವುದಿಲ್ಲ.

ಹಾಗಾಗಿ ಮಾತನ್ನಲ್ಲ, ಕೆಲಸ ನೋಡಿ. ತಾನಾಗಿ ಆಪ್ತಸಲಹೆಗೆ ಹೋದರಾ, ಇಲ್ಲ ನೀವು ಸೂಟ್‌ಕೇಸ್ ತೆಗೆದಾಗ ಮಾತ್ರ ಒಪ್ಪಿದರಾ? ನಾಲ್ಕನೇ ಭೇಟಿಗೂ ಹೋದರಾ? ನಿಮ್ಮ ಪುಸ್ತಕದಲ್ಲಿ ಆಮೇಲಿನ ತಿಂಗಳುಗಳು ಬೇರೆ ಥರ ಕಾಣುತ್ತಿವೆಯಾ? ಒಂದು ಅವಧಿ ಇಟ್ಟುಕೊಳ್ಳಿ, ಅದನ್ನು ಅವರಿಗೆ ಹೇಳಬೇಕಾಗಿಲ್ಲ.

ಇಬ್ಬರೂ ಒಟ್ಟಿಗೆ ಕೂರುವ ದಾಂಪತ್ಯ ಸಮಾಲೋಚನೆ ಎಲ್ಲರಿಗೂ ಸರಿಯಲ್ಲ. ಮನೆಗೆ ಹೋದ ಮೇಲೆ ಏನಾಗುತ್ತದೋ ಅಂತ ನೀವು ಬಾಯಿ ಬಿಡಲು ಹೆದರುವ ಹಾಗಿದ್ದರೆ, ಮೊದಲು ಒಬ್ಬರೇ ಹೋಗಿ.

ಹೆಜ್ಜೆ 10: ಸಹಾಯ ಎಲ್ಲಿ ಸಿಗುತ್ತದೆ

ಮನಸ್ಸು ಕುಸಿದಿದೆ, ಯಾರ ಜೊತೆಗಾದರೂ ಮಾತಾಡಬೇಕು ಅನಿಸಿದರೆ ಟೆಲಿ ಮಾನಸ್, 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರುಮಾಡಿದ ಉಚಿತ ಸೇವೆ ಇದು, ಕನ್ನಡದಲ್ಲೇ ಮಾತಾಡಬಹುದು. ಹೆಂಗಸರಿಗೆ 181, ತುರ್ತಿಗೆ 112. ಬೆಂಗಳೂರಿನ ನಿಮ್ಹಾನ್ಸ್ ಎಲ್ಲರಿಗೂ ಗೊತ್ತು. ಜಿಲ್ಲಾ ಆಸ್ಪತ್ರೆಗಳಲ್ಲೂ ಮನೋವೈದ್ಯಕೀಯ ವಿಭಾಗ ಇರುತ್ತದೆ ಅನ್ನುವುದು ಬಹಳ ಜನರಿಗೆ ತಿಳಿದಿಲ್ಲ.

ಹೊಡೆತ ಬಿದ್ದರೆ ಮಾತ್ರ ಕಾನೂನು ಅಂತ ಅಂದುಕೊಂಡಿದ್ದರೆ, ಹಾಗಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಅವಮಾನ, ಹೀಯಾಳಿಕೆ, ಮಾನಸಿಕ ಕಿರುಕುಳವನ್ನೂ, ಖರ್ಚಿಗೆ ಕೊಡದೆ ಸತಾಯಿಸುವುದನ್ನೂ ಹಿಂಸೆ ಅಂತಲೇ ಪರಿಗಣಿಸುತ್ತದೆ. ಹೆಂಡತಿ ಮಾತ್ರವಲ್ಲ, ಒಂದೇ ಮನೆಯಲ್ಲಿ ಬಾಳಿದ ತಾಯಿ, ಸಹೋದರಿ, ಮದುವೆಯಂತೆ ಜೊತೆಗಿದ್ದವರೂ ಕೇಳಬಹುದು. ಈ ಕಾಯ್ದೆಗಾಗಿಯೇ ಸರ್ಕಾರ ನೇಮಿಸುವ ರಕ್ಷಣಾಧಿಕಾರಿಯ ಮೂಲಕ ಅಥವಾ ನೇರವಾಗಿ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬಹುದು. ಒಟ್ಟಿಗಿದ್ದ ಮನೆಯಲ್ಲೇ ಉಳಿಯುವ ಹಕ್ಕೂ ಅದರಲ್ಲಿದೆ. ಈ ಕಾಯ್ದೆಯಡಿ ಗಂಡಸರು ರಕ್ಷಣೆ ಕೇಳುವಂತಿಲ್ಲ. ನೋಯುತ್ತಿರುವ ಗಂಡನಿಗೆ, ಹಿಂದೂ ವಿವಾಹ ಕಾಯ್ದೆಯಡಿ ಮದುವೆಯಾಗಿದ್ದರೆ, ವಿಚ್ಛೇದನಕ್ಕೆ ಕ್ರೌರ್ಯ ಒಂದು ಕಾರಣ, ಅದರಲ್ಲಿ ಮಾನಸಿಕ ಕ್ರೌರ್ಯವೂ ಸೇರುತ್ತದೆ. ಹೆಂಡತಿಗೂ ಈ ದಾರಿ ಇದೆ.

ಹೊರಡುವ ಯೋಚನೆಯಿದ್ದರೆ ಜಗಳದ ನಡುವೆ ಅದನ್ನು ಘೋಷಿಸಬೇಡಿ. ನಿಮ್ಮ ಮತ್ತು ಮಕ್ಕಳ ಆಧಾರ್, ಅಂಕಪಟ್ಟಿ, ಮದುವೆ ನೋಂದಣಿ ಪತ್ರ, ಪಾಸ್‌ಬುಕ್, ಒಡವೆಯ ರಸೀದಿಗಳ ಪ್ರತಿ ತೆಗೆದು ತವರಿನಲ್ಲೋ ನಂಬುವ ಗೆಳತಿಯ ಬಳಿಯೋ ಇಡಿ. ನಿಮ್ಮ ಹೆಸರಿನಲ್ಲೇ ಒಂದು ಬ್ಯಾಂಕ್ ಖಾತೆ ಇರಲಿ, ಅದಕ್ಕೆ ಜೋಡಿಸಿದ ಮೊಬೈಲ್ ನಂಬರ್ ನಿಮ್ಮದೇ ಇರಲಿ. ಫೋನ್‌ನ ಪಾಸ್‌ವರ್ಡ್, ಲೊಕೇಶನ್ ಹಂಚಿಕೆ ನೋಡಿಕೊಳ್ಳಿ. ವಕೀಲರನ್ನೋ ಆಪ್ತಸಲಹೆಗಾರರನ್ನೋ ಮೊದಲ ಸಲ ನೋಡಲು ಹೋಗುವಾಗ ನೀವು ಬರೆದಿಟ್ಟ ಪುಸ್ತಕ ಒಯ್ಯಿರಿ. "ನನ್ನ ಗಂಡ ನಾರ್ಸಿಸಿಸ್ಟ್" ಅಂತ ಮಾತು ಶುರುಮಾಡುವ ಬದಲು ಅದರಿಂದ ಮೂರು ಘಟನೆ ದಿನಾಂಕ ಸಮೇತ ಓದಿ ಹೇಳಿ. ಅವರಿಗೆ ಬೇಕಾದದ್ದು ಅದೇ.